ಅಮ್ಮನ ಮಡಿಲಲ್ಲಿಟ್ಟ ಚೀಲ

ಕಳೆದ ಆಟಿ ತಿಂಗಳ ಮಳೆಯಲ್ಲಿ ಅಮ್ಮ ಅಂಗಳದ ಪಾಚಿಗೆ ಜಾರಿ ಬಿದ್ದರು. ನಡೆಯಲಿಕ್ಕೆ ಅಂತ ತೆಂಗಿನ ಮಡಲು ಹಾಸಿದ್ದೆವು. ಆದರೆ ಒಣಗಲು ಹಾಕಿದ ಬಟ್ಟೆ ಒದ್ದೆಯಾಗುತ್ತದೆ ಅಂತ ಅಡ್ಡ ದಾರಿಯಲ್ಲಿ ಓಡಿದ್ದಾರೆ. ಸೊಂಟದ ಹತ್ತಿರ ತೊಡೆಯ ಮೂಳೆ ಮುರಿಯಿತು. ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ಮರುದಿನವೇ ಆಪರೇಷನ್ ಆಯಿತು, ಚೆನ್ನಾಗಿಯೂ ಆಯಿತು. ಮೂಳೆಯ ವಿಷಯದಲ್ಲಿ ನನಗೆ ಯಾವ ದೂರೂ ಇಲ್ಲ.

ಆಪರೇಷನ್ ಆದ ಮರುದಿನ ಎಕ್ಸ್‌ರೇಗೆ ಹೋಗಬೇಕಿತ್ತು. ಅಮ್ಮನನ್ನು ವೀಲ್‌ಚೇರಿನಲ್ಲಿ ಕೂರಿಸಿದೆವು. ಮೂತ್ರಕ್ಕೆ ಪೈಪ್ ಹಾಕಿದ್ದರು, ಅದರ ತುದಿಗೆ ಚೀಲ, ಅರ್ಧ ತುಂಬಿತ್ತು. ಕೆಳಗಡೆ ಒಪಿಡಿ ಜನ. ಯಾವಾಗ ಹೋದರೂ ಊರಿನವರು ಒಬ್ಬರಾದರೂ ಸಿಗುವ ಜಾಗ ಅದು. ಅಮ್ಮ ನನ್ನ ಕೈ ಹಿಡಿದು ಮೆಲ್ಲ ಹೇಳಿದರು, “ಅದು ಯಾರಿಗೂ ಕಾಣದ ಹಾಗೆ ಮಾಡು ಮಗಾ.”

ಮನೆಗೆ ಯಾರಾದರೂ ಬಂದರೆ ಸೆರಗು ಸರಿಮಾಡಿಕೊಳ್ಳದೆ ಹೊರಗೆ ಬಾರದವರು ನನ್ನ ಅಮ್ಮ. ನಾನು ಹಿಂದೆಮುಂದೆ ಯೋಚಿಸಲಿಲ್ಲ. ಚೀಲ ಎತ್ತಿ ಅವರ ಮಡಿಲಲ್ಲಿಟ್ಟೆ, ಮೇಲೆ ಶಾಲು ಹೊದಿಸಿದೆ. ಎಕ್ಸ್‌ರೇ ಕೋಣೆಯ ಹೊರಗೆ ಮುಕ್ಕಾಲು ಗಂಟೆ ಹಾಗೇ ಕಾದೆವು.

ವಾಪಸ್ ಬಂದಾಗ ವಾರ್ಡಿನ ಸಿಸ್ಟರ್ ಶಾಲು ಸರಿಸಿದವರೇ ಚೀಲ ತೆಗೆದು ಮಂಚದ ಕೆಳಗಿನ ಕೊಕ್ಕೆಗೆ ಸಿಕ್ಕಿಸಿದರು. ಬೈಯಲಿಲ್ಲ. ಪೈಪಿನ ಮೇಲೆ ಬೆರಳಿಟ್ಟು ತೋರಿಸಿದರು. ಒಳಗೆ ಹಳದಿ ನೀರು ನಿಂತಿತ್ತು, ನಡುವೆ ಒಂದು ಗುಳ್ಳೆ. ಚೀಲ ಕೆಳಗೆ ಹೋದ ಕೂಡಲೇ ಆ ಗುಳ್ಳೆ ಸರ್ರನೆ ಇಳಿಯಿತು.

“ನೋಡಿ ಅಕ್ಕ, ಚೀಲ ಮೇಲಿದ್ರೆ ಇದು ತಿರುಗಿ ಒಳಗೆ ಹೋಗ್ತದೆ. ಕ್ರಿಮಿಯೂ ಒಟ್ಟಿಗೆ ಹೋಗ್ತದೆ. ಯಾವಾಗ್ಲೂ ಸೊಂಟಕ್ಕಿಂತ ಕೆಳಗೇ ಇರಬೇಕು. ಆದ್ರೆ ನೆಲಕ್ಕೆ ತಾಗಬಾರದು.” ಆಮೇಲೆ ಅಮ್ಮನ ಮುಖ ನೋಡಿ, ಒಗೆದ ತಲೆದಿಂಬಿನ ಕವರ್ ಒಂದನ್ನು ತಂದು ಚೀಲದ ಮೇಲೆ ಇಳಿಬಿಟ್ಟರು. ಅಷ್ಟೇ ಸಾಕಿತ್ತು. ನನಗೆ ಹೊಳೆದಿರಲಿಲ್ಲ.

ಆ ಸಿಸ್ಟರ್ ಕಾಸರಗೋಡಿನ ಕಡೆಯವರು. ರಾತ್ರಿ ಪಾಳಿಯಲ್ಲಿ ಸ್ವಲ್ಪ ಬಿಡುವಾದಾಗ ಮಾತಿಗೆ ಸಿಕ್ಕಿದರು. 2018ರ ಮೇ ತಿಂಗಳಲ್ಲಿ ಕೋಝಿಕ್ಕೋಡ್ ಕಡೆ ನಿಪಾ ವೈರಸ್ ಜ್ವರ ಬಂದಾಗ ಇವರಿನ್ನೂ ನರ್ಸಿಂಗ್ ಓದುತ್ತಿದ್ದರಂತೆ. ರೋಗಿಯನ್ನು ನೋಡಿಕೊಂಡ ಪೇರಾಂಬ್ರದ ಲಿನಿ ಸಿಸ್ಟರ್ ಅದೇ ಕಾಯಿಲೆಯಲ್ಲಿ ತೀರಿಕೊಂಡರು. ಆ ಸಲ ಹೆಚ್ಚಿನವರಿಗೆ ರೋಗ ಅಂಟಿದ್ದು ಆಸ್ಪತ್ರೆಗಳ ಒಳಗೇ. “ಅಲ್ಲಿಂದ ನಾನು ಕೈ ತೊಳೆಯೋದ್ರಲ್ಲಿ ಯಾರ ಮುಖವನ್ನೂ ನೋಡೋದಿಲ್ಲ” ಅಂದರು. ನನಗೂ ಕಲಿಸಿದರು. ಸೋಪಾದರೆ ಒಟ್ಟು 40ರಿಂದ 60 ಸೆಕೆಂಡ್, ಸ್ಯಾನಿಟೈಸರ್ ಆದರೆ 20ರಿಂದ 30. ಹೆಬ್ಬೆರಳನ್ನು ಇನ್ನೊಂದು ಮುಷ್ಟಿಯಲ್ಲಿ ಹಿಡಿದು ತಿರುಗಿಸಬೇಕು, ಬೆರಳ ತುದಿಗಳನ್ನು ಅಂಗೈಗೆ ಉಜ್ಜಬೇಕು. ನಾನು ಇಷ್ಟು ವರ್ಷ ಹೆಬ್ಬೆರಳು ತೊಳೆದೇ ಇರಲಿಲ್ಲ ಅನ್ನಿಸಿತು.

ಮೂರನೇ ದಿನ ಬೆಳಿಗ್ಗೆ ರೌಂಡ್ಸಿಗೆ ಬಂದ ಡಾಕ್ಟರ್ ಪಕ್ಕದ ಮಂಚದವರ ಕಾಲಿನ ಗಾಯ ನೋಡಿದರು. ಸಕ್ಕರೆ ಕಾಯಿಲೆಯ ಗಾಯ, ಕೀವು ಇತ್ತು. ಗ್ಲೌಸ್ ತೆಗೆದು ಬಿಸಾಡಿ, ನೇರ ಬಂದು ಅಮ್ಮನ ಹೊಲಿಗೆಯ ಪಟ್ಟಿಯ ಅಂಚನ್ನು ಒತ್ತಿ ನೋಡಿದರು. ಗ್ಲೌಸ್ ತೆಗೆದ ಮೇಲೂ ಕೈ ಉಜ್ಜಬೇಕು ಅಂತ ಹಿಂದಿನ ರಾತ್ರಿಯಷ್ಟೇ ಕೇಳಿದ್ದೆ. ಸ್ಯಾನಿಟೈಸರ್ ಬಾಟ್ಲಿ ಮಂಚದ ಕಾಲ ಬುಡದಲ್ಲೇ ತೂಗುತ್ತಿತ್ತು. ನನಗೆ ಎಲ್ಲ ಕಂಡಿತು, ಬಾಯಿ ಮಾತ್ರ ಬರಲಿಲ್ಲ. ಡಾಕ್ಟರಿಗೆ ಕೈ ತೊಳೆಯಿರಿ ಅಂತ ಹೇಗೆ ಹೇಳುವುದು? ಸಂಜೆ ದೊಡ್ಡಪ್ಪ ಎಳನೀರಿನ ಬೊಂಡ ತಂದು, ಬಸ್ಸಿಳಿದು ಬಂದ ಕೈಯಲ್ಲೇ ಅಮ್ಮನ ಕೆನ್ನೆ ಸವರಿ, ಮಂಚದ ಮೇಲೇ ಕೂತರು. ಅವರಿಗೂ ಹೇಳಲಾಗಲಿಲ್ಲ. ಪ್ರೀತಿಯಿಂದ ಬಂದವರಲ್ವಾ.

ನಾಲ್ಕನೇ ದಿನ ರಾತ್ರಿ ಅಮ್ಮನಿಗೆ ಚಳಿ ಹಿಡಿಯಿತು. ಎರಡು ಕಂಬಳಿ ಹೊದಿಸಿದರೂ ಹಲ್ಲು ಕಟಕಟ. ಜ್ವರ 102 ದಾಟಿತು. ಏನೇನೋ ಮಾತಾಡತೊಡಗಿದರು, ಸತ್ತುಹೋದ ಅಜ್ಜಿಯನ್ನು ಕರೆದರು. ನೋಡಲು ಬಂದ ಡಾಕ್ಟರ್ ಮೂತ್ರದ ಸೋಂಕು ಇರಬೇಕು ಅಂದರು. ಆಗ ನಾನು ಮೊದಲ ಸಲ ಕೇಳಿದೆ, “ಡಾಕ್ಟ್ರೇ, ಈ ಪೈಪ್ ಇನ್ನೂ ಬೇಕಾ?”

ಅವರು ಫೈಲ್ ತಿರುವಿದರು. “ಮೊನ್ನೆಯೇ ತೆಗೀಬಹುದಿತ್ತು” ಅಂದರು.

ಯಾರೂ ತೆಗೆದಿರಲಿಲ್ಲ. ಯಾರೂ ಕೇಳಿರಲಿಲ್ಲ. ಪೈಪ್ ಒಳಗಿರುವ ದಿನ ಹೆಚ್ಚಾದಷ್ಟೂ ಸೋಂಕಿನ ಅಪಾಯ ಹೆಚ್ಚು. ಅದಕ್ಕೇ ಇದು ಇವತ್ತೂ ಬೇಕಾ ಅಂತ ದಿನಾ ಬೆಳಿಗ್ಗೆ ಕೇಳಿಕೊಳ್ಳಬೇಕಂತೆ. ಇದು ನನಗೆ ಗೊತ್ತಾದದ್ದು ಆಮೇಲೆ.

ಮೂತ್ರದಲ್ಲಿ ಯಾವ ಕ್ರಿಮಿ ಇದೆ ಅಂತ ತಿಳಿಸುವ ಕಲ್ಚರ್ ರಿಪೋರ್ಟ್ ಎರಡು ದಿನ ಬಿಟ್ಟು ಬಂತು. ಕ್ರಿಮಿಯ ಹೆಸರು ಇ. ಕೋಲಿ. ಕೆಳಗೆ ಔಷಧಿಗಳ ಉದ್ದ ಪಟ್ಟಿ, ಪ್ರತಿಯೊಂದರ ಮುಂದೆ ಎಸ್ ಅಥವಾ ಆರ್. ಎಸ್ ಅಂದರೆ ಆ ಔಷಧಿ ಕೆಲಸ ಮಾಡುತ್ತದೆ, ಆರ್ ಅಂದರೆ ಇಲ್ಲ. ನಾನು ಬೆರಳಿಟ್ಟು ಎಣಿಸುತ್ತಾ ಹೋದೆ. ಆರ್, ಆರ್, ಆರ್. ಎಸ್ ಇದ್ದದ್ದು ನಾಲ್ಕೇ, ಎಲ್ಲವೂ ಇಂಜೆಕ್ಷನ್.

ಮಡಿಲಲ್ಲಿಟ್ಟ ಆ ಮುಕ್ಕಾಲು ಗಂಟೆಯಿಂದಲೇ ಹೀಗಾಯಿತಾ ಅಂತ ಸಿಸ್ಟರ್ ಹತ್ತಿರ ಕೇಳಿದೆ. ಹಾಗೆ ಹೇಳಲಿಕ್ಕಾಗುವುದಿಲ್ಲ ಅಂದರು. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿಯಲ್ಲಿ ಓದಿದ್ದೇನೆ: ನಮ್ಮಂಥ ದೇಶಗಳಲ್ಲಿ ಆಸ್ಪತ್ರೆಗೆ ಸೇರುವ 100 ಮಂದಿಯಲ್ಲಿ 15 ಮಂದಿಗೆ ಅಲ್ಲೇ ಒಂದಾದರೂ ಸೋಂಕು ತಗಲುತ್ತದೆ, ಶ್ರೀಮಂತ ದೇಶಗಳಲ್ಲಿ 7 ಮಂದಿಗೆ. ಕೈ ತೊಳೆಯುವಂಥ ಹೆಚ್ಚು ಖರ್ಚಿಲ್ಲದ ಕೆಲಸಗಳಿಂದ ಇಂಥ ಸೋಂಕುಗಳಲ್ಲಿ 70 ಶೇಕಡಾ ತಪ್ಪಿಸಬಹುದಂತೆ. ಆ ಹದಿನೈದರಲ್ಲಿ ಒಬ್ಬರು ಒಂದು ವಾರ ಜಾಸ್ತಿ ಮಲಗಿ, ಕುಚ್ಚಲಕ್ಕಿ ಗಂಜಿಯನ್ನೂ ನುಂಗಲಾರದೆ, ಅರ್ಧ ಆಗಿ ಮನೆಗೆ ಬಂದರು.

ಹೊಲಿಗೆ ಬಿಚ್ಚಿಸಲು ಮತ್ತೆ ಹೋದೆವು. ಅದೇ ಡಾಕ್ಟರ್. ಇನ್ನೊಬ್ಬರ ಕೈ ನೋಡಿ ನಮ್ಮ ಕಡೆ ತಿರುಗಿದರು. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು.

“ಡಾಕ್ಟ್ರೇ, ಒಮ್ಮೆ ಕೈ…” ಅಂದೆ. ಸ್ವರ ಸಣ್ಣಗೆ ಬಂತು.

ಅವರು ಒಂದು ಕ್ಷಣ ನಿಂತರು. ಆಮೇಲೆ ಬಾಟ್ಲಿ ಒತ್ತಿ ಎರಡೂ ಕೈ ಉಜ್ಜಿಕೊಂಡರು, ಹೆಬ್ಬೆರಳನ್ನೂ ಸೇರಿಸಿ. ಅಮ್ಮ ಸೆರಗು ಸರಿಸಿ, ಹೊಲಿಗೆ ಇದ್ದ ಕಡೆಯನ್ನು ಅವರತ್ತ ತಿರುಗಿಸಿದರು.