ಬೆರಳೆತ್ತಿದವನು

ಇವತ್ತು ಬಸ್ಸಿನಲ್ಲಿ ಓದುತ್ತಾ ಕೂತವಳು ನನ್ನ ಸ್ಟಾಪ್ ಬಿಟ್ಟು ಎರಡು ಸ್ಟಾಪ್ ಮುಂದೆ ಹೋಗಿಬಿಟ್ಟೆ. ತಪ್ಪು ರೋಮ್‌ನದ್ದು.

ಕ್ರಿ.ಶ. 193, ಮಾರ್ಚ್. ಕಾವಲುಪಡೆಯವರೇ ಚಕ್ರವರ್ತಿ ಪರ್ಟಿನಾಕ್ಸ್‌ನನ್ನು ಕೊಂದರು. ಆಮೇಲೆ ಸಿಂಹಾಸನವನ್ನು ಹರಾಜಿಗಿಟ್ಟರು. ಹೌದು, ಹರಾಜೇ!

ಕಾವಲುಪಡೆಯ ಶಿಬಿರದ ಒಳಗೆ, ಸತ್ತವನ ಮಾವ ಸುಲ್ಪಿಸಿಯಾನಸ್. (ಅಳಿಯನ ಮೈ ತಣ್ಣಗಾಗಿತ್ತೋ ಇಲ್ವೋ!) ಗೋಡೆಯ ಹೊರಗೆ ಶ್ರೀಮಂತ ಸೆನೆಟರ್ ಡಿಡಿಯಸ್ ಜೂಲಿಯಾನಸ್. ಒಬ್ಬೊಬ್ಬ ಸೈನಿಕನಿಗೆ 20,000 ಸೆಸ್ಟರ್ಸ್ ನಾಣ್ಯ ಅಂದ ಮಾವ. ಜೂಲಿಯಾನಸ್ ಒಂದೇ ಸಲಕ್ಕೆ 5,000 ಏರಿಸಿದ. ಕೂಗಿದ್ದು ಸಾಲದೆ ಬೆರಳೆತ್ತಿಯೂ ತೋರಿಸಿದನಂತೆ.

ಆ ಬೆರಳುಗಳೇ ತಲೆಯಿಂದ ಹೋಗ್ತಿಲ್ಲ. ಕೊಳ್ಳೋಕೆ ಬಂದಿದ್ದು ಇಡೀ ಸಾಮ್ರಾಜ್ಯ, ರೇಟು ಹೇಳಿದ್ದು ಸಂತೆಯಲ್ಲಿ ಕುರಿಗೆ ಹೇಳುವ ಹಾಗೆ.

ಗೆದ್ದ ಜೂಲಿಯಾನಸ್‌ಗೆ ಸಿಕ್ಕಿದ್ದು 66 ದಿನದ ಆಳ್ವಿಕೆ. ತನ್ನನ್ನು ಕೊಲ್ಲುವಾಗ "ನಾನೇನು ತಪ್ಪು ಮಾಡಿದೆ? ಯಾರನ್ನು ಕೊಂದೆ?" ಅಂದನಂತೆ.

ಬಿಸಿಲಲ್ಲಿ ಎರಡು ಸ್ಟಾಪ್ ವಾಪಸ್ ನಡೆಯುವಾಗಲೂ ಅದೇ ಯೋಚನೆ.