ಲ್ಯಾಪ್‌ಟಾಪ್ ಇದೆ, ನೋಟ್ಸು ಮಾತ್ರ ಪೆನ್ನಿನಲ್ಲೇ

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ಎಂ.ಎ. ಕೊನೆಯ ಸೆಮಿಸ್ಟರ್ ನನ್ನದು. ಲ್ಯಾಪ್‌ಟಾಪ್ ಇದ್ದವರೂ ಅದನ್ನು ಕ್ಲಾಸಿಗೆ ತರುವುದಿಲ್ಲ. ಹಾವೇರಿಯಿಂದ ಬಂದಿದ್ದ ಅಣ್ಣನಿಗೆ ಇದೇ ಸಿಟ್ಟು. "ಅಷ್ಟ್ ರೊಕ್ಕ ಕೊಟ್ಟು ತಗೊಂಡಿದ್ದನ್ನ ರೂಮಿನ್ಯಾಗ ಇಟ್ಟು ಹೋಗ್ತೀಯಲ್ಲ!"

ಪರೀಕ್ಷೆ ಬರೆಯುವುದು ಪೆನ್ನಿನಲ್ಲಿ. ರೂಢಿ ತಪ್ಪಿದರೆ ಕೊನೆಯ ಪ್ರಶ್ನೆಗೆ ಬರುವಷ್ಟರಲ್ಲಿ ಬೆರಳು ಸೋತಿರುತ್ತವೆ. ಪೆನ್ನೇ ವಾಸಿ ಎನ್ನಲು ನನ್ನ ರೂಮ್‌ಮೇಟ್ ಅಮೆರಿಕದ ಸಾಕ್ಷಿಯನ್ನೂ ಕೊಡುತ್ತಾಳೆ. 2014ರಲ್ಲಿ ಮುಲ್ಲರ್, ಓಪನ್‌ಹೈಮರ್ ಎಂಬ ಸಂಶೋಧಕರು ಹೇಳಿದ್ದು: ಲ್ಯಾಪ್‌ಟಾಪಿನಲ್ಲಿ ನೋಟ್ಸ್ ಮಾಡುವವರು ಕೇಳಿದ್ದನ್ನೆಲ್ಲ ಹಾಗೇ ಇಳಿಸಿಕೊಳ್ಳುತ್ತಾರೆ, ವಿಷಯ ಕಡಿಮೆ ಅರ್ಥವಾಗುತ್ತದೆ. 2021ರಲ್ಲಿ ಬೇರೆಯವರು ಅದೇ ಪ್ರಯೋಗ ಮತ್ತೆ ಮಾಡಿದಾಗ ಅಂಕಗಳಲ್ಲಿ ಅಂಥ ವ್ಯತ್ಯಾಸ ಸಿಗಲಿಲ್ಲ. ಅದನ್ನು ಅವಳು ಹೇಳುವುದಿಲ್ಲ!

ಇರಲಿ. ಅಮೆರಿಕದ ಆ ಹುಡುಗರು ಜಾಸ್ತಿ ವೇಗವಾಗಿ ಟೈಪ್ ಮಾಡುತ್ತಾರೆ, ಅದು ಅವರ ತೊಂದರೆ. ನಮ್ಮದು ಉಲ್ಟಾ ಅಲ್ವಾ? ನಮ್ಮ ಪಾಠ, ಉತ್ತರ ಎಲ್ಲ ಕನ್ನಡದಲ್ಲಿ. ಕನ್ನಡ ಟೈಪಿಂಗಿನ ತಂತ್ರಾಂಶ 'ನುಡಿ'ಯಲ್ಲಿ 'ರಾಷ್ಟ್ರ' ಎಂದು ಹೊಡೆದು ನೋಡಿ. ಷಕಾರಕ್ಕೆ ಎಕ್ಸ್, ಟಕಾರಕ್ಕೆ ಕ್ಯೂ, ಒತ್ತಿಗೆ ನಡುನಡುವೆ ಎಫ್. ಕಲಿತವರಿಗೆ ಇದು ಸಲೀಸು, ಕೆ.ಪಿ. ರಾವ್ ಅವರು ರೂಪಿಸಿದ ಈ ಕೀಲಿಮಣೆ ನಿಜಕ್ಕೂ ಜಾಣತನದ್ದು. ಆದರೆ ನಮಗೆ ಯಾರೂ ಕಲಿಸಿಲ್ಲ. ನಾನು ಎಕ್ಸ್ ಹುಡುಕುವಷ್ಟರಲ್ಲಿ ಮೇಡಂ ಮುಂದಿನ ಪಾಯಿಂಟಿಗೆ ಹೋಗಿರುತ್ತಾರೆ.

ಲ್ಯಾಪ್‌ಟಾಪಿಗೆ ನಿಜವಾದ ಕೆಲಸ ಬಂದದ್ದು ಪ್ರಾಜೆಕ್ಟ್ ಶುರುವಾದ ಮೇಲೆ. ನನ್ನ ವಿಷಯ ತರಕಾರಿ ಮಾರುವ ಹೆಂಗಸರು. ಅವರ ಮಾತನ್ನು ಮೊಬೈಲಿಗೆ ಓದಿ ಹೇಳಿ ಟೈಪ್ ಮಾಡಿಸುತ್ತೇನೆ. "ಹೊಂಟೇವ್ರಿ", "ಮಾರಾಕತ್ತೇನ್ರಿ" ಅಂದರೆ ಅದಕ್ಕೆ ದಿಕ್ಕೇ ತೋಚುವುದಿಲ್ಲ, ಏನೇನೋ ಹೊಡೆಯುತ್ತದೆ. ರಾತ್ರಿ ಲ್ಯಾಪ್‌ಟಾಪಿನಲ್ಲಿ ಸಾಲು ಸಾಲಾಗಿ ತಿದ್ದುವುದೇ ಕೆಲಸ. ಸಪ್ತಾಪುರದ ಡಿಟಿಪಿ ಅಂಗಡಿಯಿಂದ ಗೆಳತಿ ತಂದ ಹಳೇ ನುಡಿ ಫೈಲಂತೂ ನನ್ನ ಲ್ಯಾಪ್‌ಟಾಪಿನಲ್ಲಿ ತೆರೆದರೆ ಕನ್ನಡವೇ ಇಲ್ಲ, ಬರೀ ಇಂಗ್ಲಿಷ್ ಅಕ್ಷರ, ತಲೆ ಮೇಲೆ ಚುಕ್ಕಿ, ಗೀಟು. ಹಳೇ ನುಡಿಯ ಫಾಂಟು ಹಾಕಿಕೊಂಡ ಮೇಲೇ ಓದಲು ಬಂತು.

ಮೊದಲ ಸೆಮಿಸ್ಟರಿನ ಹುಡುಗಿ ಒಬ್ಬಳು ಮೊನ್ನೆ, "ಅಕ್ಕಾ, ಯಾವ ಲ್ಯಾಪ್‌ಟಾಪ್ ತಗೊಳ್ಳಲಿ?" ಎಂದಳು. ಮೊದಲು ಡಿಪಾರ್ಟ್‌ಮೆಂಟಿನ ಕಂಪ್ಯೂಟರಿನಲ್ಲಿ ಕನ್ನಡ ಟೈಪಿಂಗ್ ಕಲಿ, ಆಮೇಲೆ ನೋಡೋಣ ಎಂದೆ. ಅವಳಿಗೆ ಸೇರಲಿಲ್ಲ. ಗುಲಾಬಿ ಬಣ್ಣದ್ದೊಂದನ್ನು ಆಗಲೇ ನೋಡಿಟ್ಟಿದ್ದಾಳಂತೆ.