ಬಾಯ್ಲರ್ ಕಾಂಟ್ರಾಕ್ಟ್‌ನಲ್ಲಿ ಬರೆದಿಡಬೇಕಾದ ತಾರೀಖು ಯಾವುದು?

ಚಳಿ ಜಾಸ್ತಿ ಇರುವ ಕಡೆ ಬಾಯ್ಲರ್ ಎಂದರೆ ನೀರು ಕಾಯಿಸಿ, ಆ ಬಿಸಿನೀರಿನಿಂದ ಮನೆಯನ್ನು ಬೆಚ್ಚಗಿಡುವ ಯಂತ್ರ. ಅದು ಇರುವ ಮನೆಯಲ್ಲಿ ಎಲ್ಲರಿಗೂ ಒಂದು ತಾರೀಖು ಹೆಚ್ಚುಕಡಿಮೆ ನೆನಪಿರುತ್ತದೆ. ಸರ್ವೀಸ್ ಕಾಂಟ್ರಾಕ್ಟ್, ಅಂದರೆ ವರ್ಷಕ್ಕಿಷ್ಟು ಎಂದು ಹಣ ಕಟ್ಟಿ ಸರ್ವೀಸ್, ರಿಪೇರಿ ಮಾಡಿಸಿಕೊಳ್ಳುವ ಒಪ್ಪಂದ, ಮುಗಿಯುವ ದಿನ. ನನ್ನ ಲೆಕ್ಕದಲ್ಲಿ ಆ ದಿನಕ್ಕೆ ಅಂಥ ಬೆಲೆ ಇಲ್ಲ. ಅದಕ್ಕೂ ಮುಂಚೆ ಇನ್ನೊಂದು ದಿನ ಬರುತ್ತದೆ. ‘ಮುಂದಿನ ವರ್ಷಕ್ಕೆ ನನಗೆ ಬೇಡ’ ಎಂದು ಹೇಳಲು ಇರುವ ಕೊನೆಯ ದಿನ. ಅದು ದಾಟಿತೆಂದರೆ ಕಾಂಟ್ರಾಕ್ಟ್ ತಾನಾಗಿಯೇ ಇನ್ನೊಂದು ವರ್ಷಕ್ಕೆ ಮುಂದುವರಿಯುತ್ತದೆ, ಹಣವೂ ತಾನಾಗಿಯೇ ಹೋಗುತ್ತದೆ. ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ ಹುಡುಕಿದರೆ ಈ ದಿನ ಸಿಗುವುದಿಲ್ಲ. ಎಲ್ಲೋ ಒಳಗಿನ ಪುಟದಲ್ಲಿ ‘ಅವಧಿ ಮುಗಿಯುವ 60 ದಿನ ಮೊದಲು ಲಿಖಿತವಾಗಿ ತಿಳಿಸತಕ್ಕದ್ದು’ ಎಂಬ ಒಂದು ಸಾಲು ಇರುತ್ತದೆ. ತಾರೀಖನ್ನು ನಾವೇ ಲೆಕ್ಕ ಹಾಕಿಕೊಳ್ಳಬೇಕು.

ನನ್ನ ಅಕ್ಕನ ಮನೆಯಲ್ಲಿ ಆಗಿದ್ದು ಇದೇ. ಅವಳ ಮನೆಯಲ್ಲಿ ಬಾಯ್ಲರ್ ಬದಲು ಹೀಟ್ ಪಂಪ್ ಇದೆ, ಹೊರಗಿನ ಶಾಖವನ್ನು ಒಳಗೆಳೆದು ಮನೆ ಬೆಚ್ಚಗೆ ಮಾಡುವ ಕರೆಂಟ್ ಯಂತ್ರ. ಮೊದಲ ವರ್ಷ ಕಂಪನಿಯವರು ರಿಯಾಯಿತಿ ದರದಲ್ಲಿ ಕೊಟ್ಟಿದ್ದರು. ಎರಡನೇ ವರ್ಷ ಪೂರ್ತಿ ದರ. ದರ ಏರಿದ ಪತ್ರ ಕೈಗೆ ಬರುವ ಹೊತ್ತಿಗೆ ‘ಬೇಡ’ ಎನ್ನುವ ದಿನ ಕಳೆದುಹೋಗಿತ್ತು. ಅಕ್ಕ ಫೋನ್ ಮಾಡಿ ಜಗಳ ಆಡಿದಳು. ಆ ಕಡೆಯವರು ಆ ಒಂದು ಸಾಲನ್ನೇ ಮತ್ತೆ ಮತ್ತೆ ಓದಿ ಹೇಳಿದರು. ಅವತ್ತಿನಿಂದ ನಮ್ಮ ಮನೆಯ ಕಾಗದಗಳ ಜೊತೆ ಅವಳ ಮನೆಯ ಕಾಗದಗಳನ್ನೂ ನಾನೇ ನೋಡಿಕೊಳ್ಳುತ್ತಿದ್ದೇನೆ. ಈ ಕೆಲಸ ನನಗೆ ಇಷ್ಟ. ಚಳಿ ಜೋರಾದ ರಾತ್ರಿ ಮನೆಯಲ್ಲಿ ವಯಸ್ಸಾದ ಅತ್ತೆ ಇದ್ದು, ಬಿಸಿನೀರು ಹರಿದು ಕೋಣೆ ಬೆಚ್ಚಗೆ ಮಾಡುವ ರೇಡಿಯೇಟರ್ ಮುಟ್ಟಿದರೆ ತಣ್ಣಗಿದ್ದರೆ ಹೇಗಿರುತ್ತದೆ ಎಂದು ಅನುಭವಿಸಿದವರಿಗೆ ಗೊತ್ತು. ಕಾಗದ ಸರಿಯಾಗಿದ್ದರೆ ಆ ರಾತ್ರಿ ಯಾರಿಗೆ ಫೋನ್ ಮಾಡಬೇಕು, ಯಾವ ನಂಬರ್ ಹೇಳಬೇಕು ಎನ್ನುವ ಚಿಂತೆಯಾದರೂ ಇರುವುದಿಲ್ಲ.

ಲೆಕ್ಕ ಹಾಕುವ ರೀತಿ ಹೀಗೆ. ಕಾಂಟ್ರಾಕ್ಟ್ ನವೆಂಬರ್ 30ಕ್ಕೆ ಮುಗಿಯುತ್ತದೆ ಎಂದುಕೊಳ್ಳಿ. ನೋಟಿಸ್ 60 ದಿನ. ಹಿಂದಕ್ಕೆ ಎಣಿಸಿದರೆ ಅಕ್ಟೋಬರ್ 1 ಬರುತ್ತದೆ. ಆದರೆ ಅಷ್ಟಕ್ಕೇ ನಿಲ್ಲಬಾರದು. ನಾವು ಪತ್ರ ಕಳಿಸುವ ದಿನ ಲೆಕ್ಕಕ್ಕೋ, ಅವರ ಕೈ ಸೇರುವ ದಿನ ಲೆಕ್ಕಕ್ಕೋ ಎಂದು ನೋಡಬೇಕು. ಎಷ್ಟೋ ಕಾಂಟ್ರಾಕ್ಟ್‌ಗಳಲ್ಲಿ ಕೈ ಸೇರುವ ದಿನವೇ ಲೆಕ್ಕ. ಹಾಗಾಗಿ ನಾನು ಕ್ಯಾಲೆಂಡರ್‌ನಲ್ಲಿ ಸೆಪ್ಟೆಂಬರ್ ಮಧ್ಯಕ್ಕೇ ಗುರುತು ಹಾಕುತ್ತೇನೆ. ಆಗಸ್ಟ್ ಕೊನೆಗೆ ಇನ್ನೊಂದು ಗುರುತು. ಆಗಸ್ಟ್‌ನದು ಯೋಚನೆ ಮಾಡುವುದಕ್ಕೆ, ಸೆಪ್ಟೆಂಬರ್‌ನದು ಮೇಲ್ ಕಳಿಸುವುದಕ್ಕೆ. ನೋಟಿಸ್ ಅವಧಿ ಕೆಲವರಲ್ಲಿ 30 ದಿನ, ಕೆಲವರಲ್ಲಿ 90 ದಿನ ಕೂಡ ಇರುತ್ತದೆ. ಪಕ್ಕದ ಮನೆಯವರಿಗೆ 30 ಅಂತ ನಮಗೂ 30 ಇರಬೇಕೆಂದೇನಿಲ್ಲ.

ಕ್ಯಾಲೆಂಡರ್‌ನಲ್ಲಿ ಸುಮ್ನೆ ‘ಬಾಯ್ಲರ್’ ಎಂದು ಬರೆದರೆ ಪ್ರಯೋಜನ ಇಲ್ಲ. ಆರು ತಿಂಗಳಾದ ಮೇಲೆ ಆ ಪದ ನೋಡಿದರೆ ಏನು ಮಾಡಬೇಕು ಅಂತ ತಲೆಗೆ ಹೊಳೆಯುವುದಿಲ್ಲ. ನಾನು ಬರೆಯುವುದು ಹೀಗೆ: ‘ಅಕ್ಕನ ಹೀಟ್ ಪಂಪ್ ಕಾಂಟ್ರಾಕ್ಟ್. ಮುಂದುವರಿಸಬೇಕಾ ಬೇಡವಾ ಇವತ್ತು ತೀರ್ಮಾನ. ಬೇಡ ಅಂದ್ರೆ ಈ ವಾರವೇ ಮೇಲ್.’ ಅದರ ಕೆಳಗೆ ಕಾಂಟ್ರಾಕ್ಟ್ ನಂಬರ್, ಯಂತ್ರದ ಸೀರಿಯಲ್ ನಂಬರ್, ಕಂಪನಿಯ ಮೇಲ್ ವಿಳಾಸ, ಹೋದ ವರ್ಷ ಕಟ್ಟಿದ ಹಣ. ಇಷ್ಟೂ ಒಂದೇ ಕಡೆ ಇದ್ದರೆ ಕಾಗದ ಹುಡುಕುತ್ತಾ ಕೂರುವ ಕೆಲಸ ಇಲ್ಲ. ಸೀರಿಯಲ್ ನಂಬರ್ ಇರುವ ಪಟ್ಟಿ ಸಾಮಾನ್ಯವಾಗಿ ಯಂತ್ರದ ಕೆಳಭಾಗದಲ್ಲೋ ಒಳ ಮುಚ್ಚಳದ ಮೇಲೋ ಇರುತ್ತದೆ. ಬಗ್ಗಿ, ಟಾರ್ಚ್ ಹಿಡಿದು ಓದುವುದಕ್ಕಿಂತ ಮೊಬೈಲ್‌ನಲ್ಲಿ ಒಮ್ಮೆ ಫೋಟೋ ತೆಗೆದಿಟ್ಟುಕೊಳ್ಳುವುದು ವಾಸಿ.

ಇನ್ನೊಂದು ತಾರೀಖನ್ನು ಜನ ಕಾಂಟ್ರಾಕ್ಟ್ ಜೊತೆ ಕಲಸಿಬಿಡುತ್ತಾರೆ. ವಾರಂಟಿ. ಇದು ಯಂತ್ರ ತಯಾರಿಸಿದ ಕಂಪನಿ ಕೊಡುವುದು. ಕಾಂಟ್ರಾಕ್ಟ್ ಸರ್ವೀಸ್ ಮಾಡುವವರು ಕೊಡುವುದು. ಎರಡೂ ಬೇರೆ ಬೇರೆ, ಎರಡರ ಗಡಿಯಾರವೂ ಬೇರೆ. ಹೆಚ್ಚಿನ ಬಾಯ್ಲರ್ ವಾರಂಟಿಗಳಲ್ಲಿ ಒಂದು ಷರತ್ತು ಇರುತ್ತದೆ: ವರ್ಷಕ್ಕೊಮ್ಮೆ ಅರ್ಹ ತಂತ್ರಜ್ಞರಿಂದ ಸರ್ವೀಸ್ ಮಾಡಿಸಿರಬೇಕು, ಅದರ ದಾಖಲೆ ಇರಬೇಕು. ಈ ವರ್ಷವನ್ನು ಸಾಮಾನ್ಯವಾಗಿ ಯಂತ್ರ ಕೂರಿಸಿದ ದಿನದಿಂದಲೋ ಹಿಂದಿನ ಸರ್ವೀಸ್ ಆದ ದಿನದಿಂದಲೋ ಎಣಿಸುತ್ತಾರೆ. ಇಲ್ಲೊಂದು ಸೂಕ್ಷ್ಮ ಇದೆ. ಒಂದು ವರ್ಷ ಸೆಪ್ಟೆಂಬರ್‌ನಲ್ಲಿ ಸರ್ವೀಸ್ ಆಯಿತು. ಮುಂದಿನ ವರ್ಷ ಕಂಪನಿಯವರಿಗೆ ಬಿಡುವಿಲ್ಲ, ಅಕ್ಟೋಬರ್ ಕೊಟ್ಟರು. ಅದರ ಮುಂದಿನ ವರ್ಷ ನವೆಂಬರ್. ನೋಡುವುದಕ್ಕೆ ಪ್ರತಿ ವರ್ಷವೂ ಸರ್ವೀಸ್ ಆಗಿದೆ. ಆದರೆ ಒಂದು ಸರ್ವೀಸಿಗೂ ಇನ್ನೊಂದಕ್ಕೂ ನಡುವೆ 12 ತಿಂಗಳಿಗಿಂತ ಜಾಸ್ತಿ ಆಗಿದೆ. ವಾರಂಟಿಯವರು ರಿಪೇರಿ ಮಾಡಿಕೊಡುವುದಿಲ್ಲ ಎಂದು ಹೇಳುವುದಕ್ಕೆ ಅಷ್ಟು ಸಾಕು. ಕೆಲವು ಕಂಪನಿಗಳು ಸ್ವಲ್ಪ ಹೆಚ್ಚುಕಡಿಮೆಗೆ ಅವಕಾಶ ಕೊಡುತ್ತವೆ, ಕೆಲವು ಕೊಡುವುದಿಲ್ಲ. ನಾನಂತೂ ಪ್ರತಿ ವರ್ಷ ಒಂದೆರಡು ವಾರ ಮುಂಚೆಯೇ ಮಾಡಿಸುತ್ತೇನೆ. ತಾರೀಖು ಹಿಂದಕ್ಕೆ ಸರಿದರೆ ತೊಂದರೆ ಇಲ್ಲ, ಮುಂದಕ್ಕೆ ಜಾರಬಾರದು.

ಸರ್ವೀಸ್ ಮಾಡಿಸಲು ನನಗೆ ಇಷ್ಟವಾದ ಕಾಲ ಬೇಸಿಗೆಯ ಕೊನೆ. ಚಳಿಯ ಮೊದಲ ವಾರ ಬಂದಾಗ ಎಲ್ಲರೂ ಒಟ್ಟಿಗೆ ಹೀಟಿಂಗ್ ಹಾಕುತ್ತಾರೆ, ಎಲ್ಲರ ಯಂತ್ರಗಳ ತೊಂದರೆಯೂ ಒಟ್ಟಿಗೆ ಹೊರಬೀಳುತ್ತದೆ, ಎಲ್ಲರೂ ಒಟ್ಟಿಗೆ ಫೋನ್ ಮಾಡುತ್ತಾರೆ. ತಿಂಗಳುಗಟ್ಟಲೆ ಓಡದೇ ಇದ್ದ ಪಂಪ್ ಮತ್ತು ವಾಲ್ವ್ ಕೆಲವೊಮ್ಮೆ ತಿರುಗದೆ ಹಿಡಿದುಕೊಂಡುಬಿಡುತ್ತವೆ. ಅದಕ್ಕೇ ಸೆಕೆ ಇನ್ನೂ ಇರುವಾಗಲೇ ಒಂದು ಸಂಜೆ ಅರ್ಧ ಗಂಟೆ ಹೀಟಿಂಗ್ ಹಾಕಿ, ಪ್ರತಿ ರೇಡಿಯೇಟರ್ ಮುಟ್ಟಿ ನೋಡುತ್ತೇನೆ. ಮೇಲೆ ತಣ್ಣಗೆ, ಕೆಳಗೆ ಬಿಸಿ ಇದ್ದರೆ ಒಳಗೆ ಗಾಳಿ ಸೇರಿದೆ. ಕೆಳಗೆ ಮಧ್ಯದಲ್ಲಿ ತಣ್ಣಗಿದ್ದರೆ ಕೆಸರು ಕೂತಿರುವ ಸಾಧ್ಯತೆ ಹೆಚ್ಚು. ಹೀಗೆ ಗಮನಿಸಿದ್ದನ್ನು ಬರೆದಿಟ್ಟು, ತಂತ್ರಜ್ಞ ಬಂದಾಗ ಹೇಳುತ್ತೇನೆ.

ತಂತ್ರಜ್ಞ ಕೆಲಸ ಮಾಡುವಾಗ ನಾನು ಪಕ್ಕದಲ್ಲೇ ನಿಲ್ಲುತ್ತೇನೆ. ಅಡ್ಡ ಬರುವುದಿಲ್ಲ, ನೋಡುತ್ತೇನೆ. ನಮ್ಮದು ಗ್ಯಾಸ್‌ನ ಕಂಡೆನ್ಸಿಂಗ್ ಬಾಯ್ಲರ್, ಅಂದರೆ ಹೊಗೆಯ ಶಾಖವನ್ನೂ ಬಳಸಿಕೊಳ್ಳುವಂಥದ್ದು. ಒಳ್ಳೆ ಸರ್ವೀಸ್ ಎಂದರೆ ಮುಂದಿನ ಮುಚ್ಚಳ ತೆಗೆಯುವುದು ಖಂಡಿತ ಇರುತ್ತದೆ. ಕೆಳಗೆ ಒಂದು ಪುಟ್ಟ ಪ್ಲಾಸ್ಟಿಕ್ ಬಟ್ಟಲಿನಂಥ ಟ್ರ್ಯಾಪ್ ಇದೆ. ಹೊಗೆಯಲ್ಲಿರುವ ಆವಿ ತಣಿದು ಆದ ನೀರು ಅದರ ಮೂಲಕ ಹೊರಗೆ ಹೋಗುತ್ತದೆ. ಕಳೆದ ಬಾರಿ ಅದನ್ನು ಬಿಚ್ಚಿ ಬಕೆಟ್‌ಗೆ ಸುರಿದಾಗ ಬೂದು ಬಣ್ಣದ ಮಡ್ಡಿ ಬಂತು. ಅದು ಕಟ್ಟಿಕೊಂಡರೆ ನೀರು ಹಿಂದಕ್ಕೆ ನಿಂತು ಬಾಯ್ಲರ್ ಲಾಕ್ ಆಗಿ ತಾನೇ ನಿಂತುಬಿಡುತ್ತದೆ. ಆಮೇಲೆ ಅವರು ಹೊಗೆ ಹೋಗುವ ಕೊಳವೆಯ ತೂತಿಗೆ ಅನಲೈಸರ್‌ನ ಕಡ್ಡಿ ಸಿಕ್ಕಿಸಿ, ಕಾರ್ಬನ್ ಮೊನಾಕ್ಸೈಡ್ ಮತ್ತು ಕಾರ್ಬನ್ ಡೈಆಕ್ಸೈಡ್ ಎಷ್ಟಿದೆ ಎಂದು ಅಳೆದರು. ಅನಲೈಸರ್‌ನಿಂದ ಬಸ್ ಟಿಕೆಟ್‌ನಂಥ ಉದ್ದನೆ ಚೀಟಿ ಬಂತು. ಆ ಚೀಟಿಯ ಅಕ್ಷರ ಕೆಲವೇ ತಿಂಗಳಲ್ಲಿ ಮಾಸಿಹೋಗುತ್ತದೆ. ಅವತ್ತೇ ಫೋಟೋ ತೆಗೆದು, ತಂತ್ರಜ್ಞ ಮಾಡಿದ ಕೆಲಸ ಬರೆದುಕೊಡುವ ಸರ್ವೀಸ್ ಶೀಟ್ ಜೊತೆ ಇಡಬೇಕು. ಕೊನೆಗೆ ಕೊಳವೆಗಳಲ್ಲಿರುವ ನೀರಿನ ಒತ್ತಡ ತೋರಿಸುವ ಪ್ರೆಶರ್ ಗೇಜ್. ತಣ್ಣಗಿರುವಾಗ ಅದು ಸಾಮಾನ್ಯವಾಗಿ 1ರಿಂದ 1.5 ಬಾರ್ ಒಳಗೆ ಇರಬೇಕು. ಪದೇ ಪದೇ ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ, ಅಥವಾ ಬಿಸಿಯಾಗಿ ಹಿಗ್ಗುವ ನೀರಿಗೆ ಜಾಗ ಕೊಡುವ ಎಕ್ಸ್‌ಪಾನ್ಶನ್ ಟ್ಯಾಂಕ್‌ನ ಗಾಳಿ ಹೋಗಿದೆ.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ಮುಚ್ಚಳವನ್ನೇ ತೆಗೆಯದೆ ಹತ್ತು ನಿಮಿಷದಲ್ಲಿ ಸಹಿ ಹಾಕಿ ಹೋಗುವ ಸರ್ವೀಸ್ ಕೂಡ ಇರುತ್ತದೆ. ಕಾಂಟ್ರಾಕ್ಟ್ ಮುಂದುವರಿಸಬೇಕಾ ಬೇಡವಾ ಎಂಬ ತೀರ್ಮಾನಕ್ಕೆ ದರಕ್ಕಿಂತ ದೊಡ್ಡ ಆಧಾರ ಈ ಶೀಟ್. ಅಳತೆಗಳನ್ನು ತುಂಬಿದ್ದಾರಾ? ಏನು ತೊಳೆದರು, ಏನು ಬದಲಿಸಿದರು ಎಂದು ಬರೆದಿದ್ದಾರಾ? ಬರೀ ಸರಿ ಗುರುತು ಮತ್ತು ಸಹಿ ಇದ್ದರೆ ನಾನು ಆ ಕಂಪನಿಯನ್ನು ಮುಂದುವರಿಸುವುದಿಲ್ಲ.

ಕಾರ್ಬನ್ ಮೊನಾಕ್ಸೈಡ್ ವಿಷಯ ಬಂದಿದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಅದು ವಿಷಾನಿಲ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ತಲೆನೋವು, ತಲೆಸುತ್ತು, ವಾಂತಿ ಬಂದ ಹಾಗೆ ಆಗುವುದು ಇದರ ಲಕ್ಷಣ, ಜನ ಅದನ್ನು ಜ್ವರದ ಶುರು ಎಂದುಕೊಳ್ಳುತ್ತಾರೆ. ಗ್ಯಾಸ್, ಎಣ್ಣೆ, ಸೌದೆ ಏನೇ ಉರಿಸುವ ಮನೆಯಾದರೂ ಅದನ್ನು ಪತ್ತೆ ಹಚ್ಚಿ ಕೂಗುವ ಅಲಾರಂ ಇರಲೇಬೇಕು. ಆ ಅಲಾರಂಗೂ ಆಯಸ್ಸು ಇದೆ. ಒಳಗಿನ ಸೆನ್ಸರ್ ಕೆಲವು ವರ್ಷಗಳಲ್ಲಿ ಮುಗಿಯುತ್ತದೆ. ಬದಲಿಸುವ ತಾರೀಖು ಸಾಮಾನ್ಯವಾಗಿ ಅದರ ಹಿಂಭಾಗದಲ್ಲಿ ಅಚ್ಚಾಗಿರುತ್ತದೆ. ಬಟನ್ ಒತ್ತಿದಾಗ ಕೂಗಿತು ಎಂದರೆ ಬ್ಯಾಟರಿ, ಸದ್ದು ಸರಿ ಇದೆ ಅಂತ ಅಷ್ಟೇ. ಸೆನ್ಸರ್ ಸರಿ ಇದೆ ಅಂತ ಅಲ್ಲ. ನನ್ನ ಕ್ಯಾಲೆಂಡರ್‌ನಲ್ಲಿ ಕಾಂಟ್ರಾಕ್ಟ್ ತಾರೀಖಿನ ಪಕ್ಕದಲ್ಲೇ ಈ ತಾರೀಖೂ ಇದೆ.

ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಇನ್ನೊಂದು ತಾರೀಖು, ಕಾರ್ಡ್‌ನದು. ಕಾಂಟ್ರಾಕ್ಟ್‌ನ ಹಣ ಯಾವ ಕಾರ್ಡ್‌ನಿಂದ ಹೋಗುತ್ತಿದೆಯೋ ಆ ಕಾರ್ಡ್‌ನ ಅವಧಿ ಮುಗಿದರೆ ಪಾವತಿ ನಿಲ್ಲಬಹುದು. ಕಂಪನಿಯವರು ಮೇಲ್ ಹಾಕುತ್ತಾರೆ, ಅದು ಸ್ಪ್ಯಾಮ್‌ನಲ್ಲಿ ಬಿದ್ದಿರುತ್ತದೆ. ನಾವು ಕಾಂಟ್ರಾಕ್ಟ್ ಇದೆ ಎಂಬ ಧೈರ್ಯದಲ್ಲಿರುತ್ತೇವೆ, ಅದು ಎಂದೋ ರದ್ದಾಗಿರುತ್ತದೆ. ಹೊಸ ಕಾರ್ಡ್ ಬಂದ ದಿನವೇ ಇದನ್ನು ಬದಲಿಸುವುದು ಒಳ್ಳೆಯದು.

ಕಂಪನಿ ಬದಲಿಸುವವರು ಒಂದು ಮಾತು ಗಮನಿಸಬೇಕು. ಎಷ್ಟೋ ಹೊಸ ಕಾಂಟ್ರಾಕ್ಟ್‌ಗಳಲ್ಲಿ ಮೊದಲ ಕೆಲವು ವಾರ ರಿಪೇರಿ ಸೇರಿರುವುದಿಲ್ಲ. ಮೊದಲೇ ಇದ್ದ ದೋಷವನ್ನೂ ಅವರು ಒಪ್ಪುವುದಿಲ್ಲ. ಹಳೆಯದು ಮುಗಿದ ಮರುದಿನ ಹೊಸದು ಶುರು ಮಾಡಿದರೆ ನಡುವೆ ಕೆಲವು ವಾರ ನಾವು ಬಯಲಿನಲ್ಲಿ ನಿಂತ ಹಾಗೆ. ಹಳೆಯದು ಇರುವಾಗಲೇ ಹೊಸದನ್ನು ಶುರು ಮಾಡಿ, ಆ ಕಾಯುವ ಅವಧಿಯನ್ನು ಹಳೆಯದರ ನೆರಳಲ್ಲೇ ಕಳೆಯಬೇಕು. ಸ್ವಲ್ಪ ಹಣ ಜಾಸ್ತಿ ಹೋಗುತ್ತದೆ, ಹೋಗಲಿ. ಬೇಸಿಗೆಯಲ್ಲಿ ಮಾಡಿದರೆ ಇನ್ನೂ ಒಳ್ಳೆಯದು.

ಬೇಡ ಎಂದು ಹೇಳುವುದಿದ್ದರೆ ಬರೆದೇ ಹೇಳಿ. ಫೋನ್‌ನಲ್ಲಿ ‘ಆಯ್ತು ಮೇಡಂ, ಕ್ಯಾನ್ಸಲ್ ಮಾಡಿದೀವಿ’ ಅಂದರೂ ಒಂದು ಮೇಲ್ ಹಾಕಿ, ಅವರಿಂದ ಉತ್ತರ ಬರುವವರೆಗೆ ಬಿಡಬೇಡಿ. ಉತ್ತರದಲ್ಲಿ ಕಾಂಟ್ರಾಕ್ಟ್ ನಂಬರ್ ಮತ್ತು ಮುಗಿಯುವ ತಾರೀಖು ಎರಡೂ ಇರಬೇಕು.

ಅಕ್ಕ ಈಗ ಕೇಳುತ್ತಿರುವ ಪ್ರಶ್ನೆ, ಇಷ್ಟೆಲ್ಲ ಮಾಡಿ ಕಾಂಟ್ರಾಕ್ಟ್ ಬೇಕೇ ಬೇಕಾ ಅಂತ. ನನ್ನ ಅಭಿಪ್ರಾಯ ಯಂತ್ರದ ವಯಸ್ಸಿನ ಮೇಲೆ ನಿಂತಿದೆ. ಯಂತ್ರ ಹೊಸದು, ವಾರಂಟಿ ಇದೆ ಎಂದಾದರೆ ರಿಪೇರಿ ಸೇರಿದ ದುಬಾರಿ ಕಾಂಟ್ರಾಕ್ಟ್ ಬೇಡ. ವರ್ಷಕ್ಕೊಂದು ಸರ್ವೀಸ್‌ಗೆ ಮಾತ್ರ ಕೊಟ್ಟರೆ ಸಾಕು. ಒಂದೇ ರಿಪೇರಿಗೆ ಎರಡು ಕಡೆ ಹಣ ಕಟ್ಟುವುದು ಯಾಕೆ? ವಾರಂಟಿ ಮುಗಿದು ಯಂತ್ರ ಇನ್ನೂ ಗಟ್ಟಿಯಾಗಿರುವ ವರ್ಷಗಳಲ್ಲಿ ಕಾಂಟ್ರಾಕ್ಟ್‌ಗೆ ಅರ್ಥ ಇದೆ. ಫ್ಯಾನ್, ಪಂಪ್, ಸರ್ಕ್ಯೂಟ್ ಬೋರ್ಡ್ ಕೈಕೊಡುವುದು ಆಗಲೇ. ತೀರಾ ಹಳೆಯದಾದರೆ ಮತ್ತೆ ಯೋಚಿಸಬೇಕು. ಬಿಡಿಭಾಗ ಸಿಗದಿದ್ದರೆ, ರಿಪೇರಿ ಖರ್ಚು ಯಂತ್ರದ ಬೆಲೆಗಿಂತ ಜಾಸ್ತಿಯಾದರೆ ತಮ್ಮ ಜವಾಬ್ದಾರಿ ಇಲ್ಲ ಎಂಬ ಷರತ್ತು ಎಷ್ಟೋ ಕಾಂಟ್ರಾಕ್ಟ್‌ಗಳಲ್ಲಿ ಇರುತ್ತದೆ. ಕೆಸರು, ಸುಣ್ಣದ ಪದರ ಕಟ್ಟಿದ್ದರಿಂದ ಆದ ಹಾಳನ್ನೂ ಹೆಚ್ಚಿನವರು ಹೊರಗಿಡುತ್ತಾರೆ. ಹಳೆ ಯಂತ್ರಕ್ಕೆ ಬರುವ ಕಾಯಿಲೆಗಳೇ ಇವು, ಅಲ್ವಾ? ಅಂಥ ಯಂತ್ರಕ್ಕೆ ಸರ್ವೀಸ್ ಮಾತ್ರ ತಪ್ಪದೆ ಮಾಡಿಸಿ, ಕಾಂಟ್ರಾಕ್ಟ್‌ಗೆ ಹೋಗುವ ಹಣವನ್ನು ಹೊಸ ಯಂತ್ರಕ್ಕೆ ಎತ್ತಿಡುವುದು ಮೇಲು.

ಅಕ್ಕನ ಹೀಟ್ ಪಂಪ್‌ಗೆ ವಾರಂಟಿ ಇನ್ನೂ ಇದೆ. ಹಾಗಾಗಿ ಈ ಸಲ ದೊಡ್ಡ ಕಾಂಟ್ರಾಕ್ಟ್ ಬಿಟ್ಟು, ಹೊರಗಿನ ಘಟಕದ ಸ್ವಚ್ಛತೆ, ನೀರಿನ ದಾರಿಯಲ್ಲಿರುವ ಫಿಲ್ಟರ್, ಪ್ರೆಶರ್ ಪರೀಕ್ಷೆ ಇಷ್ಟು ಸೇರಿರುವ ವಾರ್ಷಿಕ ಸರ್ವೀಸ್ ಸಾಕು ಎಂದು ತೀರ್ಮಾನಿಸಿದ್ದೇವೆ. ರದ್ದು ಮಾಡುವ ಮೇಲ್ ಬರೆದು ಡ್ರಾಫ್ಟ್‌ನಲ್ಲಿ ಇಟ್ಟಿದ್ದೇನೆ. ವಾರಂಟಿ ಪುಸ್ತಕದ ಷರತ್ತನ್ನು ಅಕ್ಕ ಒಮ್ಮೆ ಓದಿ ಹೇಳಿದ ಮೇಲೆ ಕಳಿಸುವುದು.